ಸಂದು ಕಾಣದ ದೊಡ್ಡ ಪರದೆ: ಎಲ್‌ಇಡಿ ಕ್ಯಾಬಿನೆಟ್ ಜೋಡಿಸುವವರಿಗೆ

"ಯಾಕ್ರೀ, ನಿಮ್ಮ ಪರದೆ ಕೌದಿ ಹಂಗ ಕಾಣಾಕತ್ತೈತಿ?"

ಗಂಗಾವತಿ ಹತ್ತಿರದ ಹಳ್ಳಿಯೊಂದರ ಸಾಮೂಹಿಕ ಮದುವೆಯಲ್ಲಿ ಒಬ್ಬ ಅಜ್ಜಿ ನನ್ನನ್ನು ಹೀಗೆ ಕೇಳಿದ್ದರು. ನಾನು ಆಗ ಈ ಕೆಲಸಕ್ಕೆ ಹೊಸಬ. ಚಿತ್ರ ಬಂತು, ಬಣ್ಣ ಬಂತು, ಕೆಲಸ ಮುಗಿಯಿತು ಎಂದುಕೊಂಡಿದ್ದೆ. ಅವರ ಮಾತು ಕೇಳಿ ಹತ್ತು ಹೆಜ್ಜೆ ಹಿಂದೆ ಸರಿದು ನೋಡಿದರೆ, ಮದುಮಗಳ ಹಳದಿ ಸೀರೆಯ ಮೇಲೆ ಚೌಕ ಚೌಕ ಗೆರೆ. ಒಂದು ಚೌಕ ತುಸು ಹಸಿರು, ಪಕ್ಕದ್ದು ತುಸು ಕೆಂಪು. ಕೌದಿಯಲ್ಲಿ ತುಂಡು ಕಾಣುವುದೇ ಚೆಂದ. ಪರದೆಯಲ್ಲಿ ತುಂಡು ಕಂಡರೆ ನೋಡುವವರ ಕಣ್ಣು ಮನುಷ್ಯರ ಮುಖ ಬಿಟ್ಟು ಗೆರೆಯ ಮೇಲೇ ಕೂತುಬಿಡುತ್ತದೆ.

ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆ ಜಾತ್ರೆ, ಪ್ರವಚನ, ಮದುವೆ, ಶಾಲೆಯ ವಾರ್ಷಿಕೋತ್ಸವ ಎಲ್ಲಕ್ಕೂ ಈಗ ಎಲ್‌ಇಡಿ ಗೋಡೆ ಬೇಕು. ಈ ಗೋಡೆಯ ಒಂದೊಂದು ಚೌಕ ತುಂಡಾದ ಕ್ಯಾಬಿನೆಟ್‌ಗಳನ್ನು ಕೊಂಡು ಬಾಡಿಗೆಗೆ ಬಿಡುವ ಹುಡುಗರು ಪ್ರತಿ ತಾಲ್ಲೂಕಿನಲ್ಲೂ ಇದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಲೆಕ್ಕಕ್ಕೆ ಒಂದೇ ಉದಾಹರಣೆ ಇಟ್ಟುಕೊಳ್ಳೋಣ: 4 ಮೀಟರ್ ಅಗಲ, 3 ಮೀಟರ್ ಎತ್ತರದ, ಹೊರಾಂಗಣದ ಪಿ3.91 ಪರದೆ.

ಸಂದು ಎಂದರೆ ಯಾವುದು

ಅಂಗಳದಲ್ಲಿ ಚುಕ್ಕಿ ರಂಗೋಲಿ ಇಡುವುದನ್ನು ನೆನಪಿಸಿಕೊಳ್ಳಿ. ಎಲ್ಲ ಚುಕ್ಕಿಗಳ ನಡುವೆ ಒಂದೇ ಅಂತರ ಇರಬೇಕು. ಒಂದು ಸಾಲು ಮಾತ್ರ ಚೂರು ದೂರ ಬಿದ್ದರೆ, ಗೆರೆ ಎಳೆಯುವ ಮೊದಲೇ ಕಣ್ಣಿಗೆ ಗೊತ್ತಾಗುತ್ತದೆ. ಎಲ್‌ಇಡಿ ಪರದೆಯೂ ಹಾಗೆಯೇ. ಪಿ3.91 ಎಂದರೆ ಒಂದು ಚುಕ್ಕಿಯ ನಡುಮಧ್ಯದಿಂದ ಮುಂದಿನ ಚುಕ್ಕಿಯ ನಡುಮಧ್ಯಕ್ಕೆ 3.91 ಮಿ.ಮೀ. ಈ ಅಂತರಕ್ಕೆ ಪಿಚ್ ಎನ್ನುತ್ತಾರೆ. ಅರ್ಧ ಮೀಟರ್ ಚೌಕದ ಕ್ಯಾಬಿನೆಟ್ಟಿನಲ್ಲಿ ಅಡ್ಡಕ್ಕೆ 128, ಉದ್ದಕ್ಕೆ 128 ಚುಕ್ಕಿಗಳು. 500ನ್ನು 128ರಿಂದ ಭಾಗಿಸಿದರೆ ಬರುವುದೇ ಈ 3.906.

ಎರಡು ಕ್ಯಾಬಿನೆಟ್ ಕೂಡುವಲ್ಲೂ ಅದೇ 3.91 ಉಳಿದರೆ ಸಂದು ಇದ್ದೂ ಇಲ್ಲದಂತೆ. ಅಲ್ಲಿ 0.1 ಮಿ.ಮೀ. ಬಿರುಕು ಬಿಟ್ಟರೆ ಅಂತರ ಸುಮಾರು ಶೇ. 2.5ರಷ್ಟು ಹೆಚ್ಚಾಗುತ್ತದೆ, ಆ ಗೆರೆಯಲ್ಲಿ ಬೆಳಕು ಅಷ್ಟೇ ತೆಳುವಾಗುತ್ತದೆ. ಒಂದೇ ಬಣ್ಣದ ಹಿನ್ನೆಲೆಯಲ್ಲಿ ಉದ್ದನೆಯ ನೇರ ಗೆರೆಯಾಗಿ ಬಂದರೆ ನಮ್ಮ ಕಣ್ಣು ಶೇ. 1 ರಿಂದ 2ರ ವ್ಯತ್ಯಾಸವನ್ನೂ ಹಿಡಿಯುತ್ತದೆ. ಅಂದರೆ ಒಂದು ಕಾಗದದ ದಪ್ಪದ ಬಿರುಕು ಸಾಕು, ಕಪ್ಪು ಗೆರೆ ಕಾಣುತ್ತದೆ. ಒತ್ತಿ ಕೂತರೆ ಅದೇ ಜಾಗದಲ್ಲಿ ಬೆಳ್ಳಗಿನ ಗೆರೆ. ಪಿಚ್ ಚಿಕ್ಕದಾದಷ್ಟೂ ಕಷ್ಟ ಜಾಸ್ತಿ: ಪಿ1.25 ಪರದೆಯಲ್ಲಿ ಅದೇ 0.1 ಮಿ.ಮೀ. ಶೇ. 8 ಆಗುತ್ತದೆ. ದುಬಾರಿ ಪರದೆ ತಂದರೆ ಸಂದು ತಾನಾಗಿ ಮಾಯವಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ.

ಇನ್ನೊಂದು ಬಗೆಯ ಸಂದು ಇದೆ. ಒಂದು ಕ್ಯಾಬಿನೆಟ್ ಮುಂದಕ್ಕೆ, ಪಕ್ಕದ್ದು ಹಿಂದಕ್ಕೆ ಕೂತಾಗ ಎದುರಿಗೆ ನಿಂತವರಿಗೆ ಏನೂ ಕಾಣುವುದಿಲ್ಲ. ಬದಿಯಲ್ಲಿ ಕೂತವರಿಗೆ ಮೆಟ್ಟಿಲಿನಂತೆ ನೆರಳು ಬೀಳುತ್ತದೆ. ನಮ್ಮ ಕಾರ್ಯಕ್ರಮಗಳಲ್ಲಿ ಹೆಣ್ಣುಮಕ್ಕಳು ಒಂದು ಬದಿ, ಗಂಡಸರು ಒಂದು ಬದಿ ಕೂರುವುದು ರೂಢಿ. ನಡುವೆ ಇರುವುದು ಬರೀ ದಾರಿ. ಬದಿಯಿಂದ ನೋಡುವವರೇ ಹೆಚ್ಚು. ಆದ್ದರಿಂದ ನಡುವೆ ನಿಂತು ಮಾತ್ರ ನೋಡಿ ಒಪ್ಪಿಕೊಳ್ಳಬೇಡಿ.

ಎಲ್‌ಸಿಡಿ ಟಿವಿಗಳನ್ನು ಜೋಡಿಸಿದ ಗೋಡೆಯ ವಿಷಯ ಬೇರೆ. ಅಲ್ಲಿ ಗಾಜಿಗೆ ಚೌಕಟ್ಟು ಇದ್ದೇ ಇರುತ್ತದೆ. ತೀರಾ ತೆಳುವಾದದ್ದರಲ್ಲೂ ಎರಡು ಟಿವಿಗಳ ಚಿತ್ರದ ನಡುವೆ 0.88 ಮಿ.ಮೀ. ಉಳಿಯುತ್ತದೆ. ಕಚೇರಿ, ಶೋರೂಮ್‌ಗೆ ನಡೆಯುತ್ತದೆ, ಬಯಲಿಗೆ ಅಲ್ಲ.

ಹೆಜ್ಜೆ 1: ಪಿಚ್ ಮತ್ತು ಅಳತೆ ಗೊತ್ತುಮಾಡಿ

ಮೊದಲ ಸಾಲಿನವರು ಎಷ್ಟು ದೂರ ಕೂರುತ್ತಾರೆಂದು ಹೆಜ್ಜೆ ಹಾಕಿ ಅಳೆಯಿರಿ. ಪಿಚ್ ಎಷ್ಟು ಮಿ.ಮೀ. ಇದೆಯೋ ಕನಿಷ್ಠ ಅಷ್ಟು ಮೀಟರ್ ದೂರ ಬೇಕು ಎಂಬುದು ಕೆಲಸಗಾರರ ಲೆಕ್ಕ. ಚುಕ್ಕಿಗಳು ಪೂರ್ತಿ ಕರಗಿ ಚಿತ್ರ ನುಣ್ಣಗೆ ಕಾಣಬೇಕಾದರೆ ಒಂದು ಮಿ.ಮೀ. ಪಿಚ್‌ಗೆ ಸುಮಾರು 3.4 ಮೀಟರ್, ಅಂದರೆ ಪಿ3.91ಕ್ಕೆ 13 ಮೀಟರ್. ಜಾತ್ರೆ ಬಯಲಿಗೆ ಇದು ಧಾರಾಳ ಸಾಕು.

ಅಗ್ಗವೆಂದು ಪಿ10 ಹಾಕುವವರಿಗೆ ಒಂದು ಮಾತು. ಅದರ ಮಾಡ್ಯೂಲಿನ, ಅಂದರೆ ಎಲ್‌ಇಡಿ ಕೂರಿಸಿದ ಬಿಡಿ ಹಲಗೆಯ, ಎತ್ತರ 16 ಚುಕ್ಕಿ ಮಾತ್ರ. ಇಂಗ್ಲಿಷಿನ ದೊಡ್ಡಕ್ಷರ ಅದರಲ್ಲಿ ಹಿಡಿಸುತ್ತದೆ. ಕನ್ನಡಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು ಎರಡಕ್ಕೂ ಜಾಗ ಬೇಕು. "ರಾಷ್ಟ್ರೀಯ" ಎಂದು ಬರೆದರೆ ಗಂಟುಬಿದ್ದ ದಾರದಂತೆ ಕಾಣುತ್ತದೆ. ಕನ್ನಡ ಸಾಲಿಗೆ ಕನಿಷ್ಠ 32 ಚುಕ್ಕಿ ಎತ್ತರ ಕೊಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ನಮ್ಮೂರ ಪರದೆಯಲ್ಲಿ ನಮ್ಮ ಭಾಷೆ ಓದಲು ಬರದಿದ್ದರೆ ಅಷ್ಟು ದೊಡ್ಡ ಪರದೆ ಯಾಕೆ ಬೇಕು?

ನಮ್ಮ ಉದಾಹರಣೆಯಲ್ಲಿ ಅಡ್ಡಕ್ಕೆ 8, ಎತ್ತರಕ್ಕೆ 6, ಒಟ್ಟು 48 ಕ್ಯಾಬಿನೆಟ್. ಚುಕ್ಕಿಗಳು 1024 ಅಡ್ಡ, 768 ಉದ್ದ. ವಿಡಿಯೊ 16:9 ಅಳತೆಯಲ್ಲಿ ಬಂದರೆ ಅದು 1024 ಅಡ್ಡ, 576 ಉದ್ದಕ್ಕೆ ಕೂತು, ಮೇಲೆ ಕೆಳಗೆ 96 ಚುಕ್ಕಿಗಳ ಪಟ್ಟಿ ಖಾಲಿ ಉಳಿಯುತ್ತದೆ. ಚಿತ್ರವನ್ನು ಎಳೆದು ಮುಖಗಳನ್ನು ಉದ್ದ ಮಾಡಬೇಡಿ. ಆ ಪಟ್ಟಿಯಲ್ಲೇ ಕಾರ್ಯಕ್ರಮದ ಹೆಸರು, ಮಾತಾಡುತ್ತಿರುವವರ ಹೆಸರು ಹಾಕಿ. ಸುಮಾರು 37 ಸೆಂ.ಮೀ. ಎತ್ತರದ ಆ ಜಾಗದಲ್ಲಿ ಕನ್ನಡ ಚೆನ್ನಾಗಿ ಕೂರುತ್ತದೆ.

ಕೊಳ್ಳುವವರಿದ್ದರೆ ಒಂದೇ ಬ್ಯಾಚಿನ ಮಾಲು ಕೊಳ್ಳಿ, ಶೇ. 5ರಷ್ಟು ಹೆಚ್ಚುವರಿ ಮಾಡ್ಯೂಲುಗಳನ್ನೂ ಅದೇ ಬ್ಯಾಚಿನಲ್ಲಿ ತೆಗೆದಿಡಿ. ಬೇರೆ ಬ್ಯಾಚಿನ ಎಲ್‌ಇಡಿ ಬೇರೆ ಬಣ್ಣ ಕೊಡುತ್ತದೆ. ಅಜ್ಜಿ ಕಂಡ ಹಸಿರು-ಕೆಂಪು ಚೌಕಗಳ ಕಾರಣ ಅದೇ: ಎರಡು ಕಡೆಯ ಬಾಡಿಗೆ ಮಾಲನ್ನು ನಾನು ಒಂದೇ ಗೋಡೆಗೆ ಕೂಡಿಸಿದ್ದೆ.

ಹೆಜ್ಜೆ 2: ನೆಲ

ಈ ಹೆಜ್ಜೆಗೆ ನಾನು ಉಳಿದೆಲ್ಲಕ್ಕಿಂತ ಹೆಚ್ಚು ಸಮಯ ಕೊಡುತ್ತೇನೆ, ನೀವೂ ಕೊಡಿ. ಪರದೆಯ ಮೇಲ್ಗಡೆ ಕಾಣುವ ಸಂದು ಹುಟ್ಟುವುದು ಕಾಲ ಕೆಳಗೆ.

ಲೆಕ್ಕ ನೋಡಿ. ತಳದ ಬೀಮ್ ಅರ್ಧ ಮೀಟರಿಗೆ ಬರೀ 1 ಮಿ.ಮೀ. ವಾಲಿದರೆ, 3 ಮೀಟರ್ ಮೇಲೆ ಕ್ಯಾಬಿನೆಟ್ಟು 6 ಮಿ.ಮೀ. ಬದಿಗೆ ಸರಿದಿರುತ್ತದೆ. ಬೀಮ್ ನಡುವೆ ಉಬ್ಬಿದ್ದರೆ ಮೇಲಿನ ಸಾಲು ಬೀಸಣಿಗೆಯಂತೆ ಬಿಚ್ಚಿಕೊಳ್ಳುತ್ತದೆ. ನಡುವೆ ತಗ್ಗಿದ್ದರೆ ಮೇಲೆ ಒಂದಕ್ಕೊಂದು ಒತ್ತಿ ಅಂಚಿನ ಎಲ್‌ಇಡಿ ಮುರಿಯುತ್ತವೆ. ಕ್ಯಾಬಿನೆಟ್‌ಗಳನ್ನು ಒಂದಕ್ಕೊಂದು ಹಿಡಿಸುವ ಲಾಕ್ ಬಿಗಿಯಾಗಲಿಲ್ಲವೆಂದು ಸುತ್ತಿಗೆ ಎತ್ತಿಕೊಳ್ಳುವ ಹುಡುಗರನ್ನು ನೋಡಿದ್ದೇನೆ. ತಪ್ಪು ಲಾಕಿನದಲ್ಲ, ನೆಲದ್ದು.

ನಮ್ಮ ಮೂರೂ ಜಿಲ್ಲೆಗಳಲ್ಲಿ ಎರೆ ಭೂಮಿ ಹರಡಿದೆ. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಮಧ್ಯಾಹ್ನ ಕಲ್ಲಿನಂತಿದ್ದ ನೆಲದ ಮೇಲೆ ಪರದೆ ನಿಲ್ಲಿಸಿ, ಸಂಜೆ ಧೂಳು ಏಳದಿರಲೆಂದು ಟ್ಯಾಂಕರಿನವರು ನೀರು ಹೊಡೆದರೆ ಮುಗಿಯಿತು, ಜ್ಯಾಕಿನ ಒಂದು ಕಾಲು ಕೆಳಗಿಳಿಯುತ್ತದೆ. ಸಿಂಧನೂರು ಕಡೆ ನನಗೆ ಇದು ಆಗಿದೆ. ಅಂದಿನಿಂದ ಪ್ರತಿ ಕಾಲಿನ ಕೆಳಗೆ ಎರಡು ಅಡಿ ಚೌಕದ ದಪ್ಪ ಹಲಗೆ, ಅದರ ಮೇಲೆ ಉಕ್ಕಿನ ತಟ್ಟೆ ಇಲ್ಲದೆ ಜ್ಯಾಕ್ ಇಡುವುದಿಲ್ಲ. ನೀರು ಹೊಡೆಯುವವರಿಗೆ ಪರದೆಯ ಸುತ್ತ ಹತ್ತು ಅಡಿ ಬಿಡಲು ಮೊದಲೇ ಕೈಮುಗಿದು ಹೇಳುತ್ತೇನೆ. ಕಾಯಂ ಪರದೆಯಾದರೆ ಕಂಬದ ತಳಪಾಯವನ್ನು ಸಿವಿಲ್ ಎಂಜಿನಿಯರ್ ಕೈಯಲ್ಲೇ ಗೊತ್ತುಮಾಡಿಸಿ. ಎರೆಮಣ್ಣಿನ ಉಬ್ಬರ-ಇಳಿತ ತಟ್ಟದಷ್ಟು ಆಳಕ್ಕೆ ಅದು ಹೋಗಬೇಕು.

ಮಟ್ಟ ನೋಡಲು ಗೌಂಡಿಗಳ ಉಪಕರಣಗಳೇ ಸಾಕು. ಬೀಮಿನ ಎರಡು ತುದಿಗೆ ನೀರಿನ ಟ್ಯೂಬ್ ಹಿಡಿದು ಮಟ್ಟ ಸರಿಮಾಡಿ, ನಡುವೆ ನೂಲು ಎಳೆದು ಬಾಗು ನೋಡಿ, ರಸಮಟ್ಟ ಇಟ್ಟು ಅರ್ಧ ಅರ್ಧ ಮೀಟರಿಗೆ ಪರೀಕ್ಷಿಸಿ. ಹಿಂದಿನ ಕಂಬಗಳಿಗೆ ತೂಗುಗುಂಡು. 4 ಮೀಟರಿನಲ್ಲಿ 1 ಮಿ.ಮೀ. ಒಳಗೆ ಬರುವವರೆಗೆ ಮೊದಲ ಕ್ಯಾಬಿನೆಟ್ ಪೆಟ್ಟಿಗೆಯಿಂದ ಹೊರಬರಬಾರದು.

ಗಾಳಿಯ ಲೆಕ್ಕ

ಏಪ್ರಿಲ್, ಮೇ ತಿಂಗಳ ಸಂಜೆ ಮಳೆಗೆ ಮುಂಚೆ ಬರುವ ಗಾಳಿಯನ್ನು ಬಲ್ಲವರು ಈ ಭಾಗವನ್ನು ದಾಟಿ ಹೋಗುವುದಿಲ್ಲ. ಗಾಳಿಯ ಒತ್ತಡಕ್ಕೆ ಎಂಜಿನಿಯರುಗಳ ಸೂತ್ರ: ವೇಗದ ವರ್ಗವನ್ನು 0.6ರಿಂದ ಗುಣಿಸಿ. ಸೆಕೆಂಡಿಗೆ 20 ಮೀಟರ್, ಅಂದರೆ ಗಂಟೆಗೆ 72 ಕಿ.ಮೀ. ಗಾಳಿ ಬೀಸಿದರೆ ಚದರ ಮೀಟರಿಗೆ 240 ನ್ಯೂಟನ್. 12 ಚದರ ಮೀಟರಿಗೆ, ಚಪ್ಪಟೆ ಆಕಾರದ 1.3 ಗುಣಕ ಸೇರಿಸಿದರೆ, ಸುಮಾರು 380 ಕಿಲೋ ತೂಕದಷ್ಟು ನೂಕು. ಪರದೆ ನೆಲದಿಂದ ಒಂದೂವರೆ ಮೀಟರ್ ಮೇಲಿದ್ದರೆ ಅದರ ನಡುಮಧ್ಯ 3 ಮೀಟರ್ ಎತ್ತರ. ಹಿಂದಿನಿಂದ ಗಾಳಿ ನೂಕಿದಾಗ ಮುಂದಕ್ಕೆ ಮಗುಚದಿರಲು, 2 ಮೀಟರ್ ಹಿಂದಿರುವ ಕಾಲಿನ ಸಾಲಿಗೆ ಒಟ್ಟು 570 ಕಿಲೋ ತೂಕ ಬೇಕು. ಒಂದೂವರೆ ಪಟ್ಟು ಸುರಕ್ಷತೆ ಸೇರಿಸಿದರೆ ಸುಮಾರು 850. ಇನ್ನೂರು ಲೀಟರಿನ ಐದು ನೀರಿನ ಡ್ರಮ್ ತುಂಬಿಸಿ ಚೌಕಟ್ಟಿಗೆ ಬಿಗಿದರೆ ಇದು ಸಿಗುತ್ತದೆ. ನಾಲ್ಕು ಮರಳು ಚೀಲ ಇಟ್ಟು ಹಗ್ಗ ಕಟ್ಟಿದರೆ ಸಿಗುವುದಿಲ್ಲ. ಗಾಳಿ ಇದಕ್ಕಿಂತ ಹೆಚ್ಚುವ ಸೂಚನೆ ಕಂಡರೆ ಪರದೆಯ ಮುಂದಿನ ಮತ್ತು ಹಿಂದಿನ ಜನರನ್ನು ಎಬ್ಬಿಸಿ ದೂರ ಕಳಿಸಿ. ಕಾರ್ಯಕ್ರಮ ನಿಂತರೆ ನಿಲ್ಲಲಿ. ಕೆಳಗೆ ಮಕ್ಕಳು ಕೂತಿರುತ್ತಾರೆ.

ಹೆಜ್ಜೆ 3: ಕ್ಯಾಬಿನೆಟ್ ಏರಿಸುವುದು

ಅಂಚಿನ ಚುಕ್ಕಿ ಮಾಡ್ಯೂಲಿನ ತುದಿಯಿಂದ ಅರ್ಧ ಪಿಚ್ ಒಳಗೆ ಇರುತ್ತದೆ. ಎಲ್‌ಇಡಿಯ ಮೈಯ ಅರ್ಧಗಲ ಕಳೆದರೆ ಉಳಿಯುವುದು ಸುಮಾರು ಒಂದೇ ಮಿಲಿಮೀಟರ್. ಕ್ಯಾಬಿನೆಟ್ಟನ್ನು ಮೂಲೆಯ ಮೇಲೆ ನೆಲಕ್ಕೆ ಊರಿದರೆ ಆ ಮೂಲೆಯ ಎಲ್‌ಇಡಿ ಕಾಳುಗಳು ಹೋದವು ಎಂದೇ ಲೆಕ್ಕ. ನೆಲಕ್ಕೆ ಕಂಬಳಿ ಹಾಸಿ, ಇಬ್ಬರು ಹಿಡಿದು, ಹಿಂಬದಿಯ ಹಿಡಿಕೆಯಿಂದಲೇ ಎತ್ತಿ. ಚಳಿಗಾಲದ ಒಣ ಹವೆಯಲ್ಲಿ ಮೈಮೇಲಿನ ಸ್ಥಿರ ವಿದ್ಯುತ್ತೂ ಎಲ್‌ಇಡಿ ಕೊಲ್ಲುತ್ತದೆ. ಮಾಡ್ಯೂಲ್ ಮುಟ್ಟುವ ಮೊದಲು ಅರ್ತಿಂಗ್ ಪಟ್ಟಿ ಕೈಗೆ ಕಟ್ಟಿಕೊಳ್ಳಿ.

ತಳದ ಸಾಲನ್ನು ನಡುವಿನಿಂದ ಶುರುಮಾಡಿ ಎಡಕ್ಕೂ ಬಲಕ್ಕೂ ಹೋಗಿ. ಒಂದು ತುದಿಯಿಂದ ಶುರುಮಾಡಿದರೆ ಎಲ್ಲ ತಪ್ಪುಗಳೂ ಕೂಡಿ ಇನ್ನೊಂದು ತುದಿಗೆ ಬಂದು ಸೇರುತ್ತವೆ. ಕೂರಿಸುವ ಮೊದಲು ಪ್ರತಿ ಅಂಚನ್ನೂ ಒಣ ಬ್ರಷ್ಷಿನಿಂದ ಗುಡಿಸಿ. ಹಿಂದಿನ ಊರಿನ ಮಣ್ಣಿನ ಒಂದು ಕಣ ಸಾಕು, 0.1 ಮಿ.ಮೀ. ಬಿರುಕಿಗೆ. ಒಂದು ಕ್ಯಾಬಿನೆಟ್ಟಿನ ಗೂಟ ಪಕ್ಕದ್ದರ ರಂಧ್ರಕ್ಕೆ ಕೂತ ಮೇಲೆ ಲಾಕುಗಳನ್ನು ಮೊದಲು ಅರ್ಧ ಬಿಗಿಮಾಡಿ, ಸಾಲು ಪೂರ್ತಿಯಾದ ಮೇಲೆ ಬೆರಳಿನಿಂದ ಸಂದನ್ನು ಸವರಿ ನೋಡಿ. 0.1 ಮಿ.ಮೀ. ಮೆಟ್ಟಿಲನ್ನು ಕಣ್ಣಿಗಿಂತ ಬೆರಳು ಬೇಗ ಹಿಡಿಯುತ್ತದೆ. ಸರಿಯೆನಿಸಿದರೆ ಪೂರ್ತಿ ಬಿಗಿಮಾಡಿ ಮುಂದಿನ ಸಾಲಿಗೆ ಹೋಗಿ.

ಬಿಸಿಲಿನ ವಿಷಯ ಇಲ್ಲೇ ಹೇಳಬೇಕು. ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ. ಬೆಳಗಿನ ತಂಪಿಗಿಂತ ಲೋಹ 20 ಡಿಗ್ರಿ ಕಾದರೆ, 4 ಮೀಟರ್ ಅಲ್ಯೂಮಿನಿಯಂ ಸಾಲು 1.8 ಮಿ.ಮೀ. ಬೆಳೆಯುತ್ತದೆ, ಅದರ ಕೆಳಗಿನ ಉಕ್ಕಿನ ಬೀಮ್ 1 ಮಿ.ಮೀ. ಮಾತ್ರ. ಎರಡನ್ನೂ ಎಲ್ಲೆಡೆ ಬೋಲ್ಟ್ ಹಾಕಿ ಬಿಗಿದರೆ ಆ 0.8 ಮಿ.ಮೀ. ಎಲ್ಲಿಯಾದರೂ ಸಿಡಿದು ಹೊರಬರಲೇಬೇಕು, ಬರುವುದು ಸಂದಿನಲ್ಲಿ. ರಾಯಚೂರಿನ ಬಿಸಿಲಿನಲ್ಲಿ ಕಪ್ಪು ಪರದೆ 20 ಡಿಗ್ರಿಗಿಂತ ಬಹಳ ಹೆಚ್ಚು ಕಾಯುತ್ತದೆ. ಆದ್ದರಿಂದ ನಡುವೆ ಮಾತ್ರ ಗಟ್ಟಿಯಾಗಿ ಬಿಗಿದು, ತುದಿಗಳಲ್ಲಿ ಉದ್ದ ರಂಧ್ರ ಕೊಟ್ಟು ಜಾರಲು ಬಿಡಿ. ಕೊನೆಯ ಹೊಂದಾಣಿಕೆಯನ್ನು ಪರದೆಗೆ ಅರ್ಧ ಗಂಟೆ ಬೂದು ಬಣ್ಣ ಹಾಕಿ ಬಿಸಿಯಾದ ಮೇಲೆಯೇ ಮಾಡಿ.

ಹೆಜ್ಜೆ 4: ಕರೆಂಟು

ಹೊರಾಂಗಣ ಪರದೆ ಪೂರ್ತಿ ಬಿಳಿ ಬಣ್ಣದಲ್ಲಿ ಚದರ ಮೀಟರಿಗೆ 700 ವ್ಯಾಟ್ ಎಳೆಯುತ್ತದೆಂದು ಹಿಡಿದರೆ 12ಕ್ಕೆ 8.4 ಕಿಲೋವ್ಯಾಟ್. ವಿಡಿಯೊ ಓಡುವಾಗ ಸರಾಸರಿ ಅದರ ಮೂರನೇ ಒಂದು ಭಾಗ, ಆದರೆ ವೈರನ್ನು ಪೂರ್ತಿ ಲೆಕ್ಕಕ್ಕೇ ಹಾಕಬೇಕು. ಆರು ಸಾಲುಗಳಿಗೆ ಆರು ಲೈನ್. ಒಂದೊಂದು ಸಾಲಿನ 8 ಕ್ಯಾಬಿನೆಟ್ 1400 ವ್ಯಾಟ್, ಸುಮಾರು 6 ಆಂಪಿಯರ್. ಎರಡೆರಡು ಸಾಲು ಒಂದೊಂದು ಫೇಸಿಗೆ. ಸಾಲುಗಳನ್ನು ಒಂದೊಂದಾಗಿ ಆನ್ ಮಾಡಿ, ಒಟ್ಟಿಗೆ ಮಾಡಿದರೆ ಮೊದಲ ಎಳೆತಕ್ಕೇ ಎಂಸಿಬಿ (ಹೊರೆ ಹೆಚ್ಚಾದರೆ ಕರೆಂಟು ಕಡಿಯುವ ಸ್ವಿಚ್) ಬೀಳುತ್ತದೆ.

ನ್ಯೂಟ್ರಲ್ ವೈರು ಫೇಸಿನಷ್ಟೇ ದಪ್ಪ ಇರಲಿ. ಪರದೆಯೊಳಗಿನ ಪವರ್ ಸಪ್ಲೈಗಳ ಮೂರನೇ ಹಾರ್ಮೋನಿಕ್ ಕರೆಂಟು (ಮೂಲ ಕರೆಂಟಿನ ಮೂರು ಪಟ್ಟು ವೇಗದಲ್ಲಿ ಏರಿಳಿಯುವ ಭಾಗ) ಮೂರೂ ಫೇಸಿನಿಂದ ಬಂದು ನ್ಯೂಟ್ರಲ್‌ನಲ್ಲಿ ಕೂಡಿಕೊಳ್ಳುತ್ತದೆ, ಒಂದನ್ನೊಂದು ಕಳೆದುಕೊಳ್ಳುವುದಿಲ್ಲ. ನ್ಯೂಟ್ರಲ್ ಕಳಚಿದರೆ ಒಂದು ಫೇಸಿನ ಸಾಲುಗಳಿಗೆ 230ರ ಬದಲು 400 ವೋಲ್ಟಿನ ಹತ್ತಿರ ಹೋಗಬಹುದು. ಒಂದು ಸಮುದಾಯ ಭವನದಲ್ಲಿ ಸಡಿಲ ನ್ಯೂಟ್ರಲ್ ಇತ್ತು, ನಾನು ಪರೀಕ್ಷಿಸದೆ ಜೋಡಿಸಿದೆ, ಎರಡು ಸಾಲಿನ ಸಪ್ಲೈಗಳು ಸುಟ್ಟವು. ಈಗ ಜನರೇಟರ್ ಆಗಲಿ, ಮೇನ್ಸ್ ಆಗಲಿ, ಮೂರೂ ಫೇಸನ್ನು ನ್ಯೂಟ್ರಲ್ ಜೊತೆ ಮೀಟರಿನಲ್ಲಿ ನೋಡಿ, ಅರ್ತಿಂಗ್ ನೋಡಿ, ಆಮೇಲೆಯೇ ಪ್ಲಗ್.

ಹೆಜ್ಜೆ 5: ಡೇಟಾ ಕೇಬಲ್

ಚಿತ್ರವನ್ನು ಕ್ಯಾಬಿನೆಟ್‌ಗಳಿಗೆ ಹಂಚುವ ಕಂಟ್ರೋಲರಿನ ಒಂದು ಗಿಗಾಬಿಟ್ ಪೋರ್ಟು 60 ಹರ್ಟ್ಜ್‌ನಲ್ಲಿ ಸುಮಾರು 6.5 ಲಕ್ಷ ಚುಕ್ಕಿಗಳನ್ನು ಹೊರುತ್ತದೆ. ಒಂದು ಕ್ಯಾಬಿನೆಟ್ಟಿಗೆ 16,384 ಚುಕ್ಕಿ, ಆದ್ದರಿಂದ ಒಂದು ಪೋರ್ಟಿಗೆ 39 ಕ್ಯಾಬಿನೆಟ್. ನಮ್ಮದು 48. ಎರಡು ಪೋರ್ಟಿಗೆ 24-24 ಹಂಚಿ: ಮೇಲಿನ ಮೂರು ಸಾಲು ಒಂದಕ್ಕೆ, ಕೆಳಗಿನ ಮೂರು ಇನ್ನೊಂದಕ್ಕೆ. ಹೀಗೆ ಹಂಚಿದರೆ ಕೆಳಗೆ ಓಡುವ ಅಕ್ಷರದ ಸಾಲು ಪೂರ್ತಿ ಒಂದೇ ಪೋರ್ಟಿನಲ್ಲಿ ಉಳಿಯುತ್ತದೆ. ಉಳಿದ ಪೋರ್ಟುಗಳನ್ನು, ಒಂದರಿಂದೊಂದಕ್ಕೆ ಕೇಬಲ್ ಹೋಗುವ ಸರಪಳಿಯ ಕೊನೆಯ ಕ್ಯಾಬಿನೆಟ್ಟಿಗೆ ಬ್ಯಾಕಪ್ ಆಗಿ ಕೊಡಿ. ಕೇಬಲ್ 100 ಮೀಟರ್ ದಾಟಿದರೆ ಫೈಬರ್. ಕ್ಯಾಮೆರಾದವರು ಬರುವ ಕಾರ್ಯಕ್ರಮವಾದರೆ ರಿಫ್ರೆಶ್ ದರ (ಸೆಕೆಂಡಿಗೆ ಪರದೆ ಎಷ್ಟು ಸಲ ಹೊಸದಾಗಿ ಬೆಳಗುತ್ತದೆ ಎಂಬುದು) 3840 ಹರ್ಟ್ಜ್ ಇರಲಿ, ಇಲ್ಲದಿದ್ದರೆ ಮದುವೆ ವಿಡಿಯೊದಲ್ಲಿ ಕಪ್ಪು ಪಟ್ಟಿಗಳು ಓಡುತ್ತವೆ.

ಹೆಜ್ಜೆ 6: ಬಣ್ಣ ಕೂಡಿಸುವುದು

ಕತ್ತಲಾದ ಮೇಲೆ ಕೆಂಪು, ಹಸಿರು, ನೀಲಿ, ಬಿಳಿ, ಕೊನೆಗೆ ಅರ್ಧ ಬೂದು ಬಣ್ಣ ಒಂದೊಂದಾಗಿ ಪೂರ್ತಿ ಪರದೆಗೆ ಹಾಕಿ. ಬಿಳಿಯಲ್ಲಿ ಕಾಣದ ಗೆರೆ ಬೂದಿನಲ್ಲಿ ಕಾಣುತ್ತದೆ. ನಡುವೆ ನಿಂತು, ಎಡತುದಿಯಲ್ಲಿ, ಬಲತುದಿಯಲ್ಲಿ, ಮೊದಲ ಸಾಲಿನಲ್ಲಿ ಕೂತು ನೋಡಿ.

ನೋವಾಸ್ಟಾರ್, ಕಲರ್‌ಲೈಟ್ ತರಹದ ಕಂಟ್ರೋಲರ್‌ಗಳ ತಂತ್ರಾಂಶದಲ್ಲಿ ಸಂದಿನ ಪಕ್ಕದ ಚುಕ್ಕಿಗಳನ್ನು ಮಾತ್ರ ತುಸು ಹೆಚ್ಚು ಅಥವಾ ಕಡಿಮೆ ಬೆಳಗಿಸುವ ಸೌಲಭ್ಯ ಇದೆ. ಕಪ್ಪು ಗೆರೆ ಕಂಡಲ್ಲಿ ಶೇ. 1, 2 ಎಂದು ಮೆಲ್ಲಗೆ ಏರಿಸಿ. ನಮ್ಮ ಕಿನ್ನಾಳದ ಗೊಂಬೆ ಕಲಾವಿದರು ಮರದ ತುಂಡುಗಳನ್ನು ಜೋಡಿಸಿ, ಸೆಣಬಿನ ಪುಡಿ ಮತ್ತು ಹುಣಸೆ ಬೀಜದ ಅಂಟಿನಿಂದ ಮಾಡಿದ ಕಿಟ್ಟ ಬಳಿದು ಸಂದು ಮುಚ್ಚುತ್ತಾರೆ, ಅದರ ಮೇಲೆ ಬಣ್ಣ. ಈ ತಂತ್ರಾಂಶವೂ ನಮಗೊಂದು ಕಿಟ್ಟ. ಆದರೆ ಕೂದಲೆಳೆಯ ಬಿರುಕಿಗೆ ಮಾತ್ರ. ಮುಂದೆ-ಹಿಂದೆ ಕೂತ ಕ್ಯಾಬಿನೆಟ್ಟಿನ ನೆರಳನ್ನು ಯಾವ ತಂತ್ರಾಂಶವೂ ತುಂಬಲಾರದು. ಅದಕ್ಕೆ ಲಾಕ್ ಬಿಚ್ಚಿ ಮತ್ತೆ ಕೂರಿಸಲೇಬೇಕು.

ಇನ್ನೊಂದು ಸೂಕ್ಷ್ಮ: ಕೆಂಪು ಎಲ್‌ಇಡಿ ಬೇರೆ ವಸ್ತುವಿನದು, ಬಿಸಿಯಾದರೆ ಹಸಿರು, ನೀಲಿಗಿಂತ ಬೇಗ ಮಂಕಾಗುತ್ತದೆ. ತಣ್ಣಗಿರುವಾಗ ಬಣ್ಣ ಹೊಂದಿಸಿದ ಪರದೆ ಒಂದು ಗಂಟೆಯ ನಂತರ ನೀಲಿ-ಹಸಿರಿಗೆ ಜಾರಿ, ಮುಖಗಳು ರೋಗಿಯ ಮುಖದಂತೆ ಕಾಣುತ್ತವೆ. ಇಲ್ಲೂ ಬಿಸಿಯಾದ ಮೇಲೆಯೇ ಹೊಂದಾಣಿಕೆ.

ಧೂಳು, ಹುಳು, ಮಳೆಗಾಲ

ಸಂಡೂರು, ತೋರಣಗಲ್ಲು ಕಡೆಯ ಕೆಂಪು ಅದಿರಿನ ಧೂಳು ಪರದೆಯ ಕಪ್ಪು ಮೈಮೇಲೆ ಕೂತರೆ ಕಪ್ಪು ಬಣ್ಣ ಕಂದಾಗುತ್ತದೆ, ಚಿತ್ರ ತೊಳೆದಂತೆ ಪೇಲವವಾಗುತ್ತದೆ. ಒದ್ದೆ ಬಟ್ಟೆ ಮುಟ್ಟಿಸಬೇಡಿ, ಧೂಳು ಕೆಸರಾಗಿ ಎಲ್‌ಇಡಿಗಳ ನಡುವೆ ಇಳಿಯುತ್ತದೆ. ಬ್ಲೋವರ್ ಮತ್ತು ಮೆದು ಬ್ರಷ್ ಸಾಕು. ಗಂಗಾವತಿ, ಸಿಂಧನೂರಿನ ಭತ್ತದ ಸೀಮೆಯಲ್ಲಿ ಪೈರು ನಿಂತ ಕಾಲಕ್ಕೆ ಜಿಗಿಹುಳು ಬೆಳಕಿಗೆ ಮುತ್ತುತ್ತವೆ. ಕಾರ್ಯಕ್ರಮ ಶುರುವಾಗುವವರೆಗೆ ಪರದೆಯನ್ನು ಬಿಳಿ ಬಿಡಬೇಡಿ, ಕಪ್ಪು ಹಿನ್ನೆಲೆಯಲ್ಲಿ ಹೆಸರು ಮಾತ್ರ ಹಾಕಿ. ಪೂರ್ತಿ ಪ್ರಕಾಶ ಹಗಲಿಗೆ ಬೇಕು. ರಾತ್ರಿ ಕಾಲುಭಾಗವೂ ಬೇಕಿಲ್ಲ, ಜನರ ಕಣ್ಣಿಗೂ ಹಿತ.

ಮಳೆಗಾಲದಲ್ಲಿ ತಿಂಗಳುಗಟ್ಟಲೆ ಪೆಟ್ಟಿಗೆಯಲ್ಲಿದ್ದ ಪರದೆಯನ್ನು ಮೊದಲ ಬಾರಿ ಹಚ್ಚುವಾಗ ಎಲ್‌ಇಡಿಯೊಳಗೆ ತೇವ ಸೇರಿರುತ್ತದೆ. ನೇರವಾಗಿ ಪೂರ್ತಿ ಬೆಳಗಿಸಿದರೆ ಕಾಳುಗಳು ಸಾಯುತ್ತವೆ. ಶೇ. 10ರ ಪ್ರಕಾಶದಲ್ಲಿ ಎರಡು ಗಂಟೆ, ಶೇ. 30ರಲ್ಲಿ ಎರಡು ಗಂಟೆ, ಆಮೇಲೆ ಶೇ. 60, ಕೊನೆಗೆ ಪೂರ್ತಿ. ಪ್ರತಿ ಪೆಟ್ಟಿಗೆಗೂ ಸಿಲಿಕಾ ಜೆಲ್ ಚೀಲ ಹಾಕಿ, ಕ್ಯಾಬಿನೆಟ್ ಹಿಂದೆ ಅದು ಯಾವ ಸಾಲಿನ ಎಷ್ಟನೆಯದು ಎಂದು ಬಣ್ಣದಲ್ಲಿ ಬರೆದಿಡಿ. ಮುಂದಿನ ಊರಲ್ಲಿ ಅದೇ ಜಾಗಕ್ಕೆ ಅದೇ ಕ್ಯಾಬಿನೆಟ್ ಬಂದರೆ, ಇಂದು ಮಾಡಿದ ಹೊಂದಾಣಿಕೆಯ ಮುಕ್ಕಾಲು ಪಾಲು ಅಲ್ಲೂ ಉಳಿದಿರುತ್ತದೆ.